ವಾಕ್ಯ ಮುಗಿಸಲು ಬಿಡದ ಊರು

ನಮ್ಮ ಊರಿನವರು ಒಳ್ಳೆಯವರು ಎಂದು ಯಾರಾದರೂ ನನ್ನ ಮುಂದೆ ಹೊಗಳಿದರೆ ಈಗಲೂ ಮೈ ಉರಿಯುತ್ತದೆ. ಒಳ್ಳೆಯವರು ಹೌದು, ನಾನೇನೂ ಇಲ್ಲ ಎನ್ನುವುದಿಲ್ಲ. ಆದರೆ ಆ ಒಳ್ಳೆಯತನವನ್ನು ಮೂರು ತಿಂಗಳ ಮಟ್ಟಿಗೆ ಕಟ್ಟಿ ಅಟ್ಟದ ಮೇಲೆ ಹಾಕಿಡಿ ಎಂದು ಕಂಡಕಂಡವರ ಹತ್ತಿರ ಗೋಗರೆದಿದ್ದೆ. ಒಬ್ಬರೂ ಕೇಳಲಿಲ್ಲ. ನನ್ನ ಮನೆಯವರಂತೂ ಕೇಳಲೇ ಇಲ್ಲ.

ನಾನು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಮನೆ ಸೀತಾಂಗೋಳಿಯಿಂದ ಸ್ವಲ್ಪ ಒಳಗೆ. ಮನೆಯಲ್ಲಿ ನಾನು, ನನ್ನ ಗಂಡ ಮತ್ತು ಗಂಡನ ತಾಯಿ. ಅತ್ತೆಯನ್ನು ನಾವು ಮಾಂಯ್ ಎಂದು ಕರೆಯುತ್ತೇವೆ, ಏಕೆಂದರೆ ನಮ್ಮ ಮನೆಮಾತು ಕೊಂಕಣಿ. ಅಂಗಳ ಗುಡಿಸಲು ಬರುವವಳ ಜೊತೆ ತುಳು, ದಿನಸಿ ಅಂಗಡಿಯವರ ಜೊತೆ ಬ್ಯಾರಿ, ಪಂಚಾಯತು ಕಚೇರಿಯಲ್ಲಿ ಮಲಯಾಳ. ಕನ್ನಡ ಶಾಲೆಯಲ್ಲಿ, ಪೇಪರಿನಲ್ಲಿ ಮತ್ತು ನನ್ನ ತಲೆಯಲ್ಲಿ. ಇಂಥ ಮನೆಗೆ ಕನ್ನಡ ಕಲಿಯಲು ವಿದೇಶದಿಂದ ವಿದ್ಯಾರ್ಥಿಯನ್ನು ಕಳಿಸುವ ಬುದ್ಧಿ ಯಾರಿಗೆ ಬಂತು ಎಂದು ಕೇಳಬೇಡಿ. ಬಂದದ್ದು ನನಗೇ.

ಅದಕ್ಕೆ ಕಾರಣ ಹಿಂದಿನ ವರ್ಷ ಬಂದಿದ್ದ ಹುಡುಗ. ಪೋಲಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಉತ್ತರ ಕರ್ನಾಟಕದ ಕಡೆಯ ಮೇಷ್ಟ್ರೊಬ್ಬರು ಕನ್ನಡ ಕಲಿಸುತ್ತಿದ್ದಾರೆ. ನನ್ನ ಜೊತೆ ಕೆಲಸ ಮಾಡಿದ ಒಬ್ಬರಿಗೆ ಅವರ ಪರಿಚಯ. ಗಡಿನಾಡಿನ ಕನ್ನಡ ಕೇಳಿಸಿಕೊಳ್ಳಲಿ ಎಂದು ಆ ಮೇಷ್ಟ್ರು ತಮ್ಮ ಶಿಷ್ಯನನ್ನು ನಮ್ಮಲ್ಲಿಗೆ ಕಳಿಸಿದರು. ಆ ಹುಡುಗ ಅಲ್ಲೇ ಎರಡು ವರ್ಷ ಕನ್ನಡ ಓದಿ ಬಂದಿದ್ದ. ಬರುವಾಗ ಅವನ ಕನ್ನಡಕ್ಕೆ ಎಲುಬು ಮಾತ್ರ ಇತ್ತು. ನಮ್ಮಲ್ಲಿದ್ದ ಮೂರು ತಿಂಗಳಲ್ಲಿ ಮಾಂಸ ಬಂತು, ರಕ್ತ ಬಂತು, ಸ್ವಲ್ಪ ಕೊಬ್ಬೂ ಬಂತು. ಹೋಗುವ ಹೊತ್ತಿಗೆ ಬಸ್ಸಿನಲ್ಲಿ ಕಂಡಕ್ಟರನ ಜೊತೆ ಚಿಲ್ಲರೆಗಾಗಿ ಜಗಳ ಮಾಡುವಷ್ಟು ಪಳಗಿದ್ದ.

ನಾನು ಉಬ್ಬಿಹೋದೆ. ಇದೆಲ್ಲ ನಮ್ಮ ನೀರಿನ, ಗಾಳಿಯ, ನನ್ನ ಪಾಠದ ಮಹಿಮೆ ಎಂದುಕೊಂಡೆ. ಮೇಷ್ಟ್ರು ಧನ್ಯವಾದ ಹೇಳಲು ಫೋನ್ ಮಾಡಿದಾಗ, "ಮುಂದಿನ ಸಲ ಏನೂ ಬಾರದವರನ್ನೇ ಕಳಿಸಿ ಸಾರ್, ಇಲ್ಲಿ ಗಾಳಿಯಲ್ಲೇ ಕನ್ನಡ ಉಂಟು" ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದರು. ಬುದ್ಧಿ ಇದ್ದವಳಾಗಿದ್ದರೆ ಆ ಮೌನದ ಅರ್ಥ ಆಗಲೇ ತಿಳಿಯಬೇಕಿತ್ತು.

ಹಾಗೆ ಬಂದವಳು ಈ ಹುಡುಗಿ. ಮಳೆ ಪೂರ್ತಿ ನಿಂತ ಮೇಲೆ, ಬೆನ್ನಿಗೆ ತನಗಿಂತ ದೊಡ್ಡ ಚೀಲ ಹಾಕಿಕೊಂಡು ಕಾಸರಗೋಡು ರೈಲ್ವೆ ಸ್ಟೇಷನ್ನಿನಲ್ಲಿ ಇಳಿದಳು. ಅಕ್ಷರಮಾಲೆ ಬರುತ್ತಿತ್ತು. "ನಮಸ್ಕಾರ, ನನ್ನ ಹೆಸರು" ಎನ್ನಲು ಬರುತ್ತಿತ್ತು. ಅಲ್ಲಿಗೆ ಮುಗಿಯಿತು. ತನ್ನ ಊರಿನಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳಂತೆ. ಮೊದಲು ಬಂದಿದ್ದ ಹುಡುಗ ಅವಳ ಪಕ್ಕದ ಮನೆಯವನು. ಅವನು ಊರಿಗೆ ಹೋದ ಮೇಲೂ ಆಗಾಗ ಮಾಂಯ್‌ಗೆ ಫೋನ್ ಮಾಡಿ ಗಂಟೆಗಟ್ಟಲೆ ಹರಟುತ್ತಿದ್ದ. ಗೋಡೆಯಾಚೆಯಿಂದ ಆ ಮಾತು, ಆ ನಗು ಕೇಳಿ ಕೇಳಿ ಇವಳಿಗೆ ತಾನೂ ಹೀಗೆ ಮಾತಾಡಬೇಕು ಎಂಬ ಹುಚ್ಚು ಹಿಡಿಯಿತು. ಹುಚ್ಚು ಎಂದರೆ ಸಾಧಾರಣದ್ದಲ್ಲ, ಕೆಲಸವನ್ನೇ ಬಿಟ್ಟುಬಿಟ್ಟಳು.

ಮೇಷ್ಟ್ರು ಅವಳಿಗೆ ಖಡಾಖಂಡಿತ ಹೇಳಿದ್ದರು. ಮೂರು ತಿಂಗಳ ಕೊನೆಗೆ ತಾವೇ ಕಂಪ್ಯೂಟರಿನ ಮೂಲಕ ಮಾತಿನ ಪರೀಕ್ಷೆ ಮಾಡುತ್ತಾರೆ. ಪಾಸಾದರೆ ವಿಶ್ವವಿದ್ಯಾಲಯದ ಕೋರ್ಸಿನಲ್ಲಿ ಸೀಟು. ಇಲ್ಲದಿದ್ದರೆ ವಾಪಸ್ ಔಷಧಿ ಅಂಗಡಿ. ಹುಡುಗಿ ಇದನ್ನು ನನಗೆ ಬಂದ ದಿನವೇ ಇಂಗ್ಲಿಷಿನಲ್ಲಿ ಹೇಳಿದಳು. ಹೇಳುವಾಗ ಮುಖ ಬಿಳಿಚಿಕೊಂಡಿತ್ತು. ಮೊದಲೇ ಬಿಳಿ, ಆದರೂ ಗೊತ್ತಾಗುತ್ತಿತ್ತು.

ಮೊದಲ ಪಾಠದಲ್ಲಿ ನಾನು ವಿಭಕ್ತಿ ತೆಗೆದೆ. ಹೆದರುತ್ತಾಳೆ ಎಂದುಕೊಂಡಿದ್ದೆ. ಅವಳು ಮುಖ ಅರಳಿಸಿ, "ನಮ್ಮ ಭಾಷೆಯಲ್ಲೂ ಏಳು ವಿಭಕ್ತಿ ಇದೆ ಟೀಚರ್" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನನಗೆ ಕುಣಿಯುವಂತಾಯಿತು. ಏಳು ಇರುವವಳಿಗೆ ಏಳು ಕಲಿಸುವುದು ಎಷ್ಟರ ಕೆಲಸ! ಎರಡು ವಾರದಲ್ಲಿ ಅವಳು ಯಾವ ಪದ ಕೊಟ್ಟರೂ ಹಾಳೆಯ ಮೇಲೆ ತಪ್ಪಿಲ್ಲದೆ ಬರೆದಿಡುತ್ತಿದ್ದಳು. ಮರವು, ಮರವನ್ನು, ಮರದಿಂದ, ಮರಕ್ಕೆ. ಹಾಳೆಯಿಂದ ತಲೆ ಎತ್ತಿ, "ಈಗ ಹೇಳು, ಕಾಗೆ ಎಲ್ಲಿ ಕೂತಿದೆ?" ಎಂದು ಕೇಳಿದರೆ, "ಕಾಗೆ ಮರ ಕೂತ್ಕೋ" ಎನ್ನುತ್ತಿದ್ದಳು.

ಅವಳ ಭಾಷೆಯ ಏಳು ವಿಭಕ್ತಿ ಅವಳ ಊರಿನಲ್ಲೇ ಉಳಿದಿತ್ತು. ವಿಭಕ್ತಿ ಎಂದರೇನು ಎಂದು ಅರ್ಥ ಮಾಡಿಕೊಳ್ಳಲು ಮಾತ್ರ ಅದು ಒದಗಿತು, ಬಾಯಿಗೆ ಇಳಿದು ಬರಲಿಲ್ಲ. ಹೋಗಲಿ, ಬಾಯಿಗೆ ಬರಬೇಕಾದರೆ ಆಡಬೇಕು, ಆಡಲು ಇಡೀ ಊರು ಉಂಟಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಆ ಊರು ಏನು ಮಾಡಿತು ಎಂಬುದನ್ನೇ ಈಗ ಹೇಳಹೊರಟದ್ದು.

ಕಾಸರಗೋಡಿನ ಕಡೆ ಹುಟ್ಟಿದವರಿಗೆ ಒಂದು ಚಟ ಉಂಟು. ಎದುರಿನವರ ಮುಖ ನೋಡುವುದು, ಅವರ ಭಾಷೆ ಯಾವುದೆಂದು ಅಳೆಯುವುದು, ತಕ್ಷಣ ಅದಕ್ಕೆ ಹಾರುವುದು. ನಮ್ಮ ಬಸ್ ಕಂಡಕ್ಟರ್ ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿಗೆ ಬರುವಷ್ಟರಲ್ಲಿ ನಾಲ್ಕು ಭಾಷೆಯಲ್ಲಿ ಟಿಕೆಟ್ ಹರಿದಿರುತ್ತಾನೆ. ಯಾರಾದರೂ ಮಾತಿಗೆ ತಡವರಿಸಿದರೆ ನಮಗೆ ಕೈಕಾಲು ಆಡುವುದಿಲ್ಲ. ಅವರನ್ನು ಹಾಗೇ ನಿಲ್ಲಿಸಿಟ್ಟು ನೋಡುವುದು ಇಲ್ಲಿ ಅಮರ್ಯಾದೆ. ಬಿಸಿಲಲ್ಲಿ ಬಂದವರಿಗೆ ಬೆಲ್ಲ ನೀರು ಕೊಡದೆ ಕೂರಿಸಿದ ಹಾಗೆ. ಅವರ ಮಾತನ್ನು ನಾವೇ ಹೇಳಿ ಮುಗಿಸಿ, ಅವರ ಹೊರೆ ಇಳಿಸಿ, ಆಮೇಲೆಯೇ ನಮಗೆ ಉಸಿರು.

ಹುಡುಗಿ ಮೊದಲ ಸಲ ಒಬ್ಬಳೇ ಸೀತಾಂಗೋಳಿಯ ದಿನಸಿ ಅಂಗಡಿಗೆ ಹೋದಳು. ದಾರಿಯುದ್ದಕ್ಕೂ "ನನಗೆ ಅರ್ಧ ಕಿಲೋ ನೀರುಳ್ಳಿ ಬೇಕು" ಎಂದು ಬಾಯಿಪಾಠ ಮಾಡಿಕೊಂಡು ಹೋಗಿದ್ದಳಂತೆ. ಅಂಗಡಿಯೆದುರು ನಿಂತು "ನನಗೆ..." ಎನ್ನುವಷ್ಟರಲ್ಲಿ ಅಂಗಡಿಯವರು, "ಆನಿಯನ್? ಹಾಫ್ ಕಿಲೋ?" ಎಂದು ತೂಗಿ ಕೈಗೆ ಕೊಟ್ಟಾಗಿತ್ತು. ಅವಳ ಕಣ್ಣು ನೀರುಳ್ಳಿ ಚೀಲದ ಮೇಲೆ ಬಿದ್ದದ್ದೇ ಅವರಿಗೆ ಸಾಕು. ಹುಡುಗಿ ನೀರುಳ್ಳಿ ಹಿಡಿದುಕೊಂಡು ಅಳು ಮುಖ ಮಾಡಿ ಮನೆಗೆ ಬಂದಳು. ಹೆಚ್ಚುವ ಮೊದಲೇ ಕಣ್ಣೀರು.

ನಾನು ಬಿಟ್ಟೇನೇ? ಚಪ್ಪಲಿ ಮೆಟ್ಟಿಕೊಂಡು ನೇರ ಅಂಗಡಿಗೆ ಹೋದೆ.

"ಅವಳು ಕನ್ನಡ ಕಲೀಲಿಕ್ಕೆ ಬಂದದ್ದು. ನೀವು ಇಂಗ್ಲಿಷ್ ಎಂತಕ್ಕೆ ಮಾತಾಡುದು?"

ಅಂಗಡಿಯವರು ನನ್ನ ಹಳೆಯ ವಿದ್ಯಾರ್ಥಿಯ ತಂದೆ. ನಿಜವಾಗಿ ನೊಂದುಕೊಂಡರು. "ಟೀಚರೇ, ಆ ಮಗು ಬಾಯಿ ತೆರೆದು ನಿಂತದ್ದು ನೋಡಿದ್ರೆ ಕರುಳು ಚುರುಕ್ ಅಂತದೆ. ಮಾತು ಸಿಗ್ಲಿಲ್ಲ ಪಾಪ. ನಾನು ನೋಡಿಕೊಂಡು ನಿಲ್ಲುದಾ?"

"ಹೌದು, ನಿಲ್ಲಿ! ನೋಡಿಕೊಂಡು ನಿಲ್ಲಿ!"

"ಅದು ಆಗ್ಲಿಕ್ಕಿಲ್ಲ ಟೀಚರೇ. ಬೇಕಾದ್ರೆ ಮುಂದಿನ ಸಲ ಕನ್ನಡದಲ್ಲೇ ಹೇಳಿಕೊಡ್ತೇನೆ."

ಹೇಳಿಕೊಡಬೇಡಿ ಎಂದು ಹೇಳಲು ಬಂದವಳಿಗೆ ಹೇಳಿಕೊಡುತ್ತೇನೆ ಎಂಬ ಆಶ್ವಾಸನೆ ಸಿಕ್ಕಿತು. ಇನ್ನೇನು ಮಾಡಲಿ, ಒಂದು ಕಿಲೋ ಅವಲಕ್ಕಿ ತೆಗೆದುಕೊಂಡು ವಾಪಸ್ ಬಂದೆ.

ಅದೇ ಅಂಗಡಿಯಲ್ಲಿ ಹಿಂದಿನ ವರ್ಷದ ಹುಡುಗ ಹೇಗೆ ಬದುಕಿ ಬಂದ ಎಂದು ಯೋಚಿಸುತ್ತಾ ಬಂದೆ. ಅವನಿಗೂ ಅವರು ಹೀಗೆಯೇ ತೂಗಿ ಕೊಡಲು ಹೋಗುತ್ತಿದ್ದರು. ಆದರೆ ಅವನ ಹತ್ತಿರ ವಾಕ್ಯ ಮೊದಲೇ ತಯಾರಿರುತ್ತಿತ್ತು. ನಮ್ಮ ಉಪಕಾರ ಬಂದು ಮುಟ್ಟುವ ಮೊದಲೇ ಅವನ ಕ್ರಿಯಾಪದ ಬಂದು ಮುಟ್ಟಿರುತ್ತಿತ್ತು. ಯಾರಾದರೂ ನಡುವೆ ಬಾಯಿ ಹಾಕಿದರೆ, "ಸ್ವಲ್ಪ ತಡೆಯಿರಿ, ನಾನು ಹೇಳುತ್ತೇನೆ" ಎನ್ನಲು ಅವನಿಗೆ ಬರುತ್ತಿತ್ತು. ಕೇಳಿದ್ದನ್ನು ಎಲ್ಲಿ ಇಡಬೇಕೆಂದೂ ಗೊತ್ತಿತ್ತು. ಮಾಂಯ್ "ಹೋಗಿ ಬರ್ತೇನೆ" ಎಂದರೆ, ಹೋಗುವವರು ಬರುತ್ತೇನೆ ಎನ್ನುವುದೇಕೆ ಎಂದು ಪ್ರಾಣ ತಿನ್ನುತ್ತಿದ್ದ. ಅವನ ತಲೆಯಲ್ಲಿ ಗೂಡುಗಳಿದ್ದವು, ನಮ್ಮ ಊರು ಅವುಗಳನ್ನು ತುಂಬಿಸಿತು. ಈ ಹುಡುಗಿಯ ತಲೆಯಲ್ಲಿ ಗೂಡುಗಳೇ ಇನ್ನೂ ಆಗಿರಲಿಲ್ಲ. ನಾವು ಸುರಿದದ್ದೆಲ್ಲ ನೆಲದ ಮೇಲೆ ರಾಶಿ ಬಿತ್ತು.

ಆ ರಾಶಿಯಲ್ಲಿ ಏನಿತ್ತು ಎಂದು ಕೇಳಿ. ಬೇಡ ಎನ್ನಲು ಅವಳಿಗೆ ನಾಲ್ಕು ಭಾಷೆಯಲ್ಲಿ ಬರುತ್ತಿತ್ತು. ಬೇಡ, ವೇಂಡ, ಬೊಡ್ಚಿ, ನಾಕಾ. ನಾಲ್ಕನ್ನೂ ಒಟ್ಟಿಗೆ ಹೇಳಿದರೂ ಮಾಂಯ್ ಅವಳ ಬಟ್ಟಲಿಗೆ ಇನ್ನೊಂದು ಸೌಟು ಹಾಕುವುದು ತಪ್ಪುತ್ತಿರಲಿಲ್ಲ, ಅದು ಬೇರೆ ಮಾತು. ಯಾವ ಪದ ಯಾವ ಭಾಷೆಯದು ಎಂಬ ಗೊಡವೆ ಅವಳಿಗಿಲ್ಲ. ಎಲ್ಲವೂ ಕನ್ನಡ ಎಂದೇ ಅವಳ ನಂಬಿಕೆ. ಅಂಗಳ ಗುಡಿಸುವವಳಿಂದ ಒಂದು, ಬಸ್ಸಿನಿಂದ ಒಂದು, ನಮ್ಮ ಇಗರ್ಜಿಯಿಂದ, ಅಂದರೆ ಚರ್ಚಿನಿಂದ, ಒಂದು ಆಯ್ದು ತಂದು ನನ್ನ ಮುಂದೆ ಇಟ್ಟು, ಪಾರಿತೋಷಕ ಬರುತ್ತದೋ ಎಂಬಂತೆ ಕಾಯುತ್ತಿದ್ದಳು.

ನನ್ನನ್ನು ಹೆಚ್ಚು ಕಂಗೆಡಿಸಿದ್ದು ಅವಳ ಕ್ರಿಯಾಪದಗಳು. "ನಾನು ಉಣ್ಣು. ನಾನು ಮಲಗು. ನಿನ್ನೆ ಅಂಕಲ್ ಪೇಟೆ ಹೋಗು." ಎಲ್ಲವೂ ಹೀಗೆಯೇ. ಎಷ್ಟು ತಿದ್ದಿದರೂ ಮರುದಿನ ಅದೇ. ಇದು ಎಲ್ಲಿಂದ ಬಂತು ಎಂದು ಒಂದು ದಿನ ಅಡುಗೆಮನೆಯಲ್ಲಿ ಸುಮ್ಮನೆ ಕೂತು ಕಿವಿಗೊಟ್ಟೆ. ಮಾಂಯ್ ಅವಳಿಗೆ ಹೇಳುತ್ತಿದ್ದರು: "ಬಾ. ಕೂತ್ಕೋ. ಉಣ್ಣು. ಇನ್ನೂ ಸ್ವಲ್ಪ ಹಾಕು. ನಾಚಬೇಡ. ತಿನ್ನು. ಹೋಗಿ ಸ್ವಲ್ಪ ಮಲಗು." ಬೆಳಗಿನಿಂದ ಸಂಜೆಯವರೆಗೆ ಅವಳ ಕಿವಿಗೆ ಬಿದ್ದದ್ದು ಬರೀ ಅಪ್ಪಣೆ. ನೆಂಟರ ಜೊತೆ ನಾವು ಬೇರೆ ಮಾತೇ ಆಡುವುದಿಲ್ಲವಲ್ಲ! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವ್ಯಾಕರಣ ಬರುವವನಾಗಿದ್ದರೆ "ಉಣ್ಣು" ಕೇಳಿ, ಉಣ್ಣುತ್ತೇನೆ, ಉಂಡೆ, ಉಂಡಿದ್ದೆ ಎಂದು ತಾನೇ ತಿರುಗಿಸಿಕೊಳ್ಳುತ್ತಿದ್ದ. ಬಾರದವಳು ಕೇಳಿದ್ದನ್ನೇ ಕೇಳಿದ ಹಾಗೆ ಇಟ್ಟುಕೊಂಡಳು.

ನನ್ನ ಗಂಡನನ್ನಂತೂ ಕೇಳುವುದೇ ಬೇಡ. ನಿವೃತ್ತಿಯ ನಂತರ ಅವರಿಗೆ ಇಂಗ್ಲಿಷ್ ಮಾತಾಡಲು ಜನವೇ ಸಿಕ್ಕಿರಲಿಲ್ಲ. ಹುಡುಗಿ ಸಿಕ್ಕಿದಳು. ಚಹಾದ ಹೊತ್ತಿಗೆ ಅವಳನ್ನು ಕೂರಿಸಿಕೊಂಡು ಜಗತ್ತಿನ ವಿಚಾರವೆಲ್ಲ ಇಂಗ್ಲಿಷಿನಲ್ಲಿ. ನಾನು ಕಣ್ಣು ಬಿಟ್ಟರೆ, "ಓ, ಮರ್ತುಹೋಯ್ತು ಮಾರಾಯ್ತಿ" ಎಂದು ಎರಡು ವಾಕ್ಯ ಕನ್ನಡದಲ್ಲಿ ಆಡಿ ಮತ್ತೆ ಅಲ್ಲಿಗೇ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತು ಕೂಡದು ಎಂದು ನಾನು ಕಾನೂನು ಮಾಡಿದೆ. ಅದರಿಂದಾದ ಪರಿಣಾಮವೆಂದರೆ ಗಂಡ ಮನೆಯಲ್ಲಿ ಮಾತಾಡುವುದನ್ನೇ ಬಿಟ್ಟು ಗೇಟಿನ ಹತ್ತಿರ ನಿಂತು ಅವಳ ಜೊತೆ ಇಂಗ್ಲಿಷ್ ಆಡತೊಡಗಿದರು.

ಕಾನೂನು ಪಾಲಿಸಿದವರು ಮಾಂಯ್ ಒಬ್ಬರೇ. ಅವರು ಹಿಂದೆ ಕನ್ನಡ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದವರು. ಹುಡುಗಿಯ ಜೊತೆ ಕನ್ನಡ ಬಿಟ್ಟು ಬೇರೆ ಆಡಿದವರಲ್ಲ. ಆದರೆ ಎಲ್ಲರಿಗಿಂತ ಹೆಚ್ಚು ಹಾಳು ಮಾಡಿದವರೂ ಅವರೇ. ಹಿತ್ತಿಲ ಜಗಲಿಯಲ್ಲಿ ಇಬ್ಬರೂ ಕೂತು ಬೆಳ್ಳುಳ್ಳಿ ಸುಲಿಯುತ್ತಾ ಮಾತಾಡುವುದನ್ನು ಕೇಳಿದರೆ ಹೊಟ್ಟೆ ಉರಿಯುತ್ತಿತ್ತು.

"ಮಾಂಯ್, ನಮ್ಮ ಊರು ಈಗ ತುಂಬಾ..." ಎಂದು ಹುಡುಗಿ.

"ಚಳಿ" ಎಂದು ಮಾಂಯ್.

"ಹಾಂ, ಚಳಿ. ನನ್ನ ಅಮ್ಮ ಮನೆ ಒಳಗೆ ಬೆಂಕಿ..."

"ಹಾಕ್ತಾಳೆ. ಕಟ್ಟಿಗೆ ಉಂಟಾ? ಇಲ್ಲದಿದ್ರೆ ಕರೆಂಟಿಂದಾ?"

"ಕರೆಂಟು. ಅದಕ್ಕೆ ದುಡ್ಡು..."

"ಜಾಸ್ತಿ ಆಗ್ತದೆ. ಇಲ್ಲಿ ಸಹ ಹಾಗೆಯೇ ಬಾಯೆ."

ಬಾಯೆ ಎಂದರೆ ಕೊಂಕಣಿಯಲ್ಲಿ ಹೆಣ್ಣುಮಕ್ಕಳನ್ನು ಪ್ರೀತಿಯಿಂದ ಕರೆಯುವ ಮಾತು. ಹೀಗೆ ಗಂಟೆಗಟ್ಟಲೆ ನಡೆಯುತ್ತಿತ್ತು. ಹುಡುಗಿ ಶುರು ಮಾಡುವುದು, ಮಾಂಯ್ ಮುಗಿಸುವುದು. ಅವಳ ಮನೆಯ ಸುದ್ದಿ, ತಂಗಿಯ ಮದುವೆ, ಔಷಧಿ ಅಂಗಡಿಯ ಯಜಮಾನನ ಜಿಪುಣತನ, ಎಲ್ಲವೂ ಮಾಂಯ್‌ಗೆ ಗೊತ್ತಾಯಿತು. ಅಷ್ಟೆಲ್ಲ ಹೇಳಿದರೂ ಹುಡುಗಿಯ ಬಾಯಿಂದ ಒಂದಾದರೂ ಪೂರ್ತಿ ವಾಕ್ಯ ಬಂದಿರಲಿಲ್ಲ. ಅವಳಿಗೆ ತನ್ನ ಕನ್ನಡ ದಿನದಿಂದ ದಿನಕ್ಕೆ ಸುಧಾರಿಸುತ್ತಿದೆ ಎಂಬ ಸಂತೋಷ ಬೇರೆ.

"ಮಾಂಯ್, ನೀವು ಹೇಳಿಕೊಡಬೇಡಿ. ಅವಳೇ ಹುಡುಕಲಿ" ಎಂದು ನಾನು ಎಷ್ಟು ಸಲ ಹೇಳಿದೆನೋ.

"ಹುಡುಕಿ ಸಿಗದಿದ್ರೆ?"

"ಸಿಗುವವರೆಗೆ ಕಾಯಿರಿ."

ಮಾಂಯ್ ನನ್ನನ್ನು ಕಟುಕರ ವಂಶದವಳೋ ಎಂಬಂತೆ ನೋಡಿದರು. ಆಮೇಲೆ ಕೊಂಕಣಿಯಲ್ಲಿ ಗೊಣಗಿದರು, ಶಾಲೆಯಲ್ಲಿ ಮಕ್ಕಳನ್ನು ಹೀಗೆಯೇ ಸಾಯಿಸುತ್ತಿದ್ದಳೋ ಏನೋ ಎಂದು.

ಸಾಯಿಸುತ್ತಿದ್ದೆ. ಯಾಕೆಂದರೆ ನನ್ನನ್ನೂ ಹಾಗೆಯೇ ಸಾಯಿಸಿ ಕಲಿಸಿದ್ದರು. ಕೊಂಕಣಿ, ತುಳು ಬಿಟ್ಟರೆ ಬೇರೇನೂ ಬಾರದೆ ಒಂದನೆಯ ಕ್ಲಾಸಿಗೆ ಹೋದವಳು ನಾನು. ನಮ್ಮ ಟೀಚರು ಪ್ರಶ್ನೆ ಕೇಳಿ, ಸೀಮೆಸುಣ್ಣ ಹಿಡಿದುಕೊಂಡು, ಉತ್ತರ ಪೂರ್ತಿ ಬರುವವರೆಗೆ ನಿಂತೇ ಇರುತ್ತಿದ್ದರು. ಅವರಿಗೆ ಕೊಂಕಣಿ ಚೆನ್ನಾಗಿ ಬರುತ್ತಿತ್ತು, ನಮ್ಮ ಇಗರ್ಜಿಗೇ ಬರುವವರು. ಆದರೂ ಕ್ಲಾಸಿನಲ್ಲಿ ಒಂದು ಶಬ್ದ ದಾನ ಮಾಡಿದವರಲ್ಲ. ಇಡೀ ಕ್ಲಾಸು ಕಾಯುತ್ತಿತ್ತು, ಹೊರಗೆ ಕಾಗೆ ಕೂಗುತ್ತಿತ್ತು, ನನ್ನ ಕಿವಿ ಬಿಸಿಯಾಗುತ್ತಿತ್ತು. ಅವರನ್ನು ನಾನು ಮನಸಾರೆ ದ್ವೇಷಿಸುತ್ತಿದ್ದೆ. ನನ್ನ ಕನ್ನಡ ಬಂದದ್ದು ಆ ದ್ವೇಷದಿಂದಲೇ.

ಪರೀಕ್ಷೆಯ ದಿನ ಹತ್ತಿರ ಬಂತು. ಹುಡುಗಿಗೆ ನಿದ್ದೆ ಹೋಯಿತು, ನನಗೆ ಹಸಿವೆ ಹೋಯಿತು. ಕೊನೆಯ ವಾರ ಅವಳನ್ನು ಕೋಣೆಯಲ್ಲಿ ಕೂರಿಸಿ, ನಮ್ಮ ಟೀಚರ ಹಾಗೆ ನಿಂತು ಕಾದೆ. ಅವಳು ಎರಡು ಪದ ಆಡಿ ನನ್ನ ಮುಖ ನೋಡುತ್ತಿದ್ದಳು. ನಾನು ಗೋಡೆ ನೋಡುತ್ತಿದ್ದೆ. ಅವಳ ಕಣ್ಣು ತುಂಬುತ್ತಿತ್ತು. ಮೂರು ತಿಂಗಳಿಂದ ನಡೆಯಲು ಬಿಡದೆ ಎತ್ತಿಕೊಂಡೇ ತಿರುಗಿದ ಮಗುವನ್ನು ಈಗ ಒಮ್ಮೆಲೇ ಓಡು ಎಂದರೆ ಎಲ್ಲಿಂದ ಓಡೀತು?

ಪರೀಕ್ಷೆ ಮಧ್ಯಾಹ್ನದ ಊಟಕ್ಕೆ ಮೊದಲು. ನಾನು ಬೆಳಗ್ಗೆಯೇ ಗಂಡನಿಗೆ ಇಲ್ಲದ ಕೆಲಸ ಹೇಳಿ ಕಾಸರಗೋಡು ಪೇಟೆಗೆ ಅಟ್ಟಿದೆ. ಅಂಗಳ ಗುಡಿಸುವವಳಿಗೆ ರಜೆ ಕೊಟ್ಟೆ. ಮಾಂಯ್‌ಯನ್ನು ಪಕ್ಕದ ಮನೆಗೆ ಕಳಿಸಬೇಕೆಂದಿದ್ದೆ, ಅವರು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ನಾನು ಅಡುಗೆಮನೆಯಲ್ಲಿ ಜಪಮಾಲೆ ಹಿಡಿದು ಕೂತ್ಕೊಳ್ತೇನೆ. ಬಾಯಿ ತೆರೆದ್ರೆ ಕೇಳು" ಎಂದರು. ನಾನು ನಂಬಿದೆ. ಜಪಮಾಲೆ ಹಿಡಿದವರನ್ನು ಹೇಗೆ ನಂಬದಿರಲಿ?

ಹೊರಗಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಎದುರು ಹುಡುಗಿ ಕೂತಳು. ತೆರೆಯ ಮೇಲೆ ಮೇಷ್ಟ್ರು ಬಂದರು, ತಣ್ಣಗಿನ ಮುಖದ, ಕನ್ನಡಕದ ಮನುಷ್ಯ. ನಾನು ಬಾಗಿಲಿನ ಮರೆಯಲ್ಲಿ ನಿಂತೆ. ಹೆಸರು, ಊರು, ಮನೆ ಎಲ್ಲ ಸುಸೂತ್ರ ಸಾಗಿತು. ಆಮೇಲೆ ಮೇಷ್ಟ್ರು, "ನಿನ್ನೆ ಏನೇನು ಮಾಡಿದೆ, ಬೆಳಗಿನಿಂದ ಹೇಳು ನೋಡೋಣ" ಎಂದರು.

"ನಿನ್ನೆ ನಾನು ಮಾಂಯ್ ಜೊತೆ ಇಗರ್ಜಿ..." ಎಂದು ಹುಡುಗಿ ನಿಂತಳು. ಮೇಷ್ಟ್ರು ಕಾದರು. ಒಳ್ಳೆಯ ಮೇಷ್ಟ್ರು, ಕಾಯಬಲ್ಲವರು. ಹುಡುಗಿಯ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು. ಬರುತ್ತದೆ, ಈಗ ಬರುತ್ತದೆ ಎಂದು ನಾನೂ ಕಾದೆ.

"ಹೋದೆ!" ಎಂದು ಅಡುಗೆಮನೆಯ ಪರದೆಯ ಹಿಂದಿನಿಂದ ಧ್ವನಿ ಬಂತು. "ಇಗರ್ಜಿಗೆ ಹೋದೆ ಹೇಳು ಬಾಯೆ!"

ಮಾಂಯ್‌ಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಅವರ ಪಿಸುಮಾತು ರಸ್ತೆಗೆ ಕೇಳುತ್ತದೆ. ಪೋಲಂಡಿಗೂ ಕೇಳಿಸಿತು.

"ಒಳಗಿಂದ ಯಾರದು ಹೇಳಿಕೊಡೋದು?" ಎಂದು ಮೇಷ್ಟ್ರು.

"ಮಾಂಯ್" ಎಂದಳು ಹುಡುಗಿ.

ನಾನು ಪರದೆ ಸರಿಸಿ ಕಣ್ಣಲ್ಲೇ ಬೆಂಕಿ ಕಾರಿದೆ. ಮಾಂಯ್ ಜಪಮಾಲೆಯನ್ನು ಬಾಯಿಗೆ ಒತ್ತಿ ಹಿಡಿದು, ಇನ್ನಿಲ್ಲ ಎಂದು ತಲೆ ಅಲ್ಲಾಡಿಸಿದರು. ಮೇಷ್ಟ್ರು ಮುಂದುವರಿಸು ಎಂದರು. ಹುಡುಗಿ ಒಂದೆರಡು ವಾಕ್ಯ ಹೇಗೋ ದಾಟಿದಳು. "ಮನೆಗೆ ಬಂದು ಮೀನು..." ಎಂದು ಮತ್ತೆ ನಿಂತಳು.

"ತೊಳೆದೆ!" ಎಂದರು ಮಾಂಯ್.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಸಿಟ್ಟು ಮಾಡಲಿಲ್ಲ. "ಇಬ್ಬರು ಪರೀಕ್ಷೆಗೆ ಕೂತ ಹಾಗಾಯ್ತಲ್ಲ. ನಾನು ಯಾರಿಗೆ ಅಂಕ ಕೊಡಲಿ?" ಎಂದರು. ಆಮೇಲೆ ನನ್ನನ್ನು ಕರೆದು, ಅಜ್ಜಿಯನ್ನು ಸ್ವಲ್ಪ ಹೊತ್ತು ಅಂಗಳಕ್ಕೆ ಕರೆದುಕೊಂಡು ಹೋಗಬಹುದೇ ಎಂದು ವಿನಯದಿಂದ ಕೇಳಿದರು.

ನಾನು ಮಾಂಯ್‌ಯ ರಟ್ಟೆ ಹಿಡಿದು ತೆಂಗಿನ ಬುಡಕ್ಕೆ ಕರೆದುಕೊಂಡು ಹೋಗಿ ಕೂರಿಸಿ ಬಂದೆ. ಉಳಿದ ಹೊತ್ತು ಹುಡುಗಿ ಒಬ್ಬಳೇ. ನಾನು ಇನ್ನೆಂದೂ ಅಂಥ ದೃಶ್ಯ ನೋಡಲಾರೆ. ಹೋಗು, ಬಾ, ಉಣ್ಣು, ಮಲಗು ಎಂದು ಅವಳ ಕ್ರಿಯಾಪದಗಳು ಒಂದರ ಹಿಂದೊಂದು ಬಂದವು. ಪ್ರತಿ ವಾಕ್ಯದ ನಡುವೆ ಅವಳು ಹಿಂದೆ ತಿರುಗಿ ಖಾಲಿ ಪರದೆಯ ಕಡೆ ನೋಡುತ್ತಿದ್ದಳು.

ಮೇಷ್ಟ್ರು ಫಲಿತಾಂಶವನ್ನು ಅಲ್ಲೇ ಹೇಳಿದರು. ಕಿವಿ ಚೆನ್ನಾಗಿದೆ, ಪದಗಳು ರಾಶಿ ಇವೆ, ಧೈರ್ಯವೂ ಇದೆ, ಆದರೆ ಕೆಳಗೆ ಪಾಯವಿಲ್ಲ. ಈಗ ಸೀಟು ಕೊಡಲು ಆಗುವುದಿಲ್ಲ. ಊರಿಗೆ ಬಂದು, ಸಂಜೆಯ ತರಗತಿಯಲ್ಲಿ ಮೊದಲಿನಿಂದ ಕೂತು ಒಂದು ವರ್ಷ ವ್ಯಾಕರಣ ಕಲಿಯಲಿ, ಆಮೇಲೆ ಇನ್ನೊಂದು ಸಲ ಪರೀಕ್ಷೆ ಮಾಡುತ್ತೇನೆ. ಪಾಸಾದರೆ ಆಗ ಸೀಟು, ಆಗ ಬೇಕಾದರೆ ನಿಮ್ಮ ಮನೆಗೇ ಮತ್ತೆ ಬರಲಿ. ನನ್ನ ಕಡೆ ನೋಡಿ, "ಗಾಳಿಯಲ್ಲಿ ಕನ್ನಡ ಇರುತ್ತದೆ ಟೀಚರ್. ಅದನ್ನು ಹಿಡಿಯೋದಕ್ಕೆ ಕೈಯಲ್ಲಿ ಏನಾದರೂ ಇರಬೇಕು" ಎಂದರು.

ಆ ದಿನ ಮಾಂಯ್ ಮೇಲೆ ನಾನು ಕೂಗಾಡಿದೆ. ಮದುವೆಯಾಗಿ ಬಂದ ಮೇಲೆ ಅವರೆದುರು ಅಷ್ಟು ದೊಡ್ಡ ಧ್ವನಿ ತೆಗೆದದ್ದು ಅದೇ ಮೊದಲು. ಒಂದು ಹತ್ತು ನಿಮಿಷ ಬಾಯಿ ಮುಚ್ಚಿಕೊಂಡಿರಲು ಆಗುವುದಿಲ್ಲವೇ, ಒಂದು ಹುಡುಗಿಯ ಬದುಕಿನ ಪ್ರಶ್ನೆ ಎಂದು ಗೊತ್ತಿರಲಿಲ್ಲವೇ ಎಂದೆಲ್ಲ ಕೇಳಿದೆ. ಅವರು ತಲೆ ತಗ್ಗಿಸಿ ಕೂತಿದ್ದರು. ಕೊನೆಗೆ, "ಗಂಟಲಲ್ಲಿ ಅನ್ನ ಸಿಕ್ಕಿದವರಿಗೆ ನೀರು ಕೊಡುದು ಬೇಡವಾ?" ಎಂದರು. ನಾನು ಇನ್ನಷ್ಟು ಕೂಗಿದೆ.

ಮಾಂಯ್ ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಪರೀಕ್ಷೆಯಲ್ಲಿ ಸೋತವಳೇ ಗಂಜಿಯ ಬಟ್ಟಲು ಹಿಡಿದುಕೊಂಡು ಅವರ ಮಂಚದ ಹತ್ತಿರ ಹೋದಳು. "ಮಾಂಯ್, ಏಳು. ಕೂತ್ಕೋ. ಉಣ್ಣು. ಸ್ವಲ್ಪ ಉಣ್ಣು. ಅಳಬೇಡ" ಎಂದಳು. ಹಿರಿಯರಿಗೆ ಕೊಡಬೇಕಾದ ಬಹುವಚನವೊಂದನ್ನು ಬಿಟ್ಟರೆ ಅಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ನಾನು ಬಾಗಿಲಿಂದ ಹಾಗೇ ಹಿಂದೆ ಬಂದೆ.

ಹೊರಡುವ ದಿನ ಹುಡುಗಿ ಇಂಗ್ಲಿಷಿನಲ್ಲಿ ನನಗೆ ಒಂದು ಮಾತು ಹೇಳಿದಳು. ಪಾಸಾಗುವವರೆಗೆ ಫೋನ್ ಮಾಡುವುದಿಲ್ಲ. ಮಾಡಿದರೆ ಮಾಂಯ್ ಮತ್ತೆ ಹೇಳಿಕೊಡುತ್ತಾರೆ, ತಾನು ಮತ್ತೆ ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತೇನೆ ಎಂದು. ಒಪ್ಪತಕ್ಕ ಮಾತೇ. ನಾನು ಅದನ್ನು ಮಾಂಯ್‌ಗೆ ಕೊಂಕಣಿಯಲ್ಲಿ ಬಿಡಿಸಿ ಹೇಳಿದೆ. ಅವರಿಗೆ ಅರ್ಥವಾದದ್ದು ಒಂದೇ, ಹುಡುಗಿಗೆ ತನ್ನ ಮೇಲೆ ಸಿಟ್ಟು.

ಆ ಒಂದು ವರ್ಷ ನಾನು ಅನುಭವಿಸಿದ್ದು ನನಗೇ ಗೊತ್ತು. ಅಂಗಡಿಗೆ ಹೋದರೆ "ಹುಡುಗಿ ಪಾಸಾಯ್ತಾ ಟೀಚರೇ?" ಬಸ್ಸಿನಲ್ಲಿ ಅದೇ ಪ್ರಶ್ನೆ ಮಲಯಾಳದಲ್ಲಿ, ಅಂಗಳದಲ್ಲಿ ತುಳುವಿನಲ್ಲಿ. ಅವಳನ್ನು ಫೇಲು ಮಾಡಿದವರೇ ಬಂದು ಕೇಳುವುದು! ಮಾಂಯ್ ಮಾತ್ರ ಏನೂ ಕೇಳುತ್ತಿರಲಿಲ್ಲ. ಫೋನ್ ರಿಂಗಾದಾಗಲೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ನಾನು ಬೇರೆ ಯಾರದೋ ಹೆಸರು ಹೇಳಿದ ಕೂಡಲೇ ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದರು. ಒಮ್ಮೆ ಸಂಜೆಯ ಜಪ ಮುಗಿದ ಮೇಲೆ, "ನನ್ನ ಬಾಯಿಗೆ ಬೆಂಕಿ ಬೀಳಲಿ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡದ್ದು ಕೇಳಿಸಿತು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ, ಬಹುಶಃ ವ್ಯಾಕರಣದ ಮೇಲೆಯೇ.

ಮೊನ್ನೆ ಬೆಳಿಗ್ಗೆ ಫೋನ್ ಬಂತು. ನಾನು ಹಲೋ ಎನ್ನುವಷ್ಟರಲ್ಲಿ, ಮೊದಲು ಮಾಂಯ್‌ಗೆ ಕೊಡಿ ಟೀಚರ್ ಎಂದಳು. ನಾನು ಸ್ಪೀಕರ್ ಒತ್ತಿ, ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದ ಮಾಂಯ್‌ಯ ಮುಂದೆ ಹಿಡಿದೆ.

"ನಮಸ್ಕಾರ ಮಾಂಯ್. ಹೇಗಿದ್ದೀರಿ? ನಾನು ನಿನ್ನೆ ಪರೀಕ್ಷೆಯಲ್ಲಿ ಪಾಸಾದೆ. ನನಗೆ ಸೀಟು ಸಿಕ್ಕಿದೆ. ಮುಂದಿನ ವರ್ಷ ನಾನು ಮತ್ತೆ ನಿಮ್ಮ ಮನೆಗೆ ಬರುತ್ತೇನೆ."

ಒಂದೂ ತಪ್ಪಿಲ್ಲ. ವಿಭಕ್ತಿ, ಕಾಲ, ಗೌರವದ ಬಹುವಚನ, ಎಲ್ಲವೂ ಅದರದರ ಜಾಗದಲ್ಲಿ. ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯೇನಿಲ್ಲ. ಮಾಂಯ್ ಮಾತ್ರ ಹುಬ್ಬು ಗಂಟಿಕ್ಕಿ ಫೋನನ್ನೇ ನೋಡುತ್ತಿದ್ದರು.

"ಯಾರಿದು? ಬ್ಯಾಂಕಿನವರಾ?"

"ಅಯ್ಯೋ, ಹುಡುಗಿ ಮಾಂಯ್! ನಮ್ಮ ಹುಡುಗಿ!"

"ಅಲ್ಲ. ಅವಳು ಹೀಗೆ ಮಾತಾಡುದಾ? ಇದು ರೇಡಿಯೋದವರು ಮಾತಾಡಿದ ಹಾಗೆ ಉಂಟು" ಎಂದು ಫೋನನ್ನು ನನ್ನ ಕಡೆ ತಳ್ಳಿಬಿಟ್ಟರು. ನಾನು ಹಣೆ ಚಚ್ಚಿಕೊಂಡೆ. ಒಂದು ವರ್ಷ ಇವಳ ದಾರಿ ಕಾದ ಮುದುಕಿ, ಬಂದಾಗ ನೀನು ಯಾರು ಎನ್ನುತ್ತಿದ್ದಾಳೆ!

ಆಚೆಯಿಂದ ಹುಡುಗಿ ನಕ್ಕಳು. ಆಮೇಲೆ ನಿಧಾನವಾಗಿ ಹೇಳಿದಳು. "ಮಾಂಯ್, ಇಲ್ಲಿ ನಾನು ಮಾತಾಡುವಾಗ ಎಲ್ಲರೂ ಕಾಯುತ್ತಾರೆ. ನಾನು ಮುಗಿಸುವವರೆಗೆ ಯಾರೂ ಏನೂ ಹೇಳುವುದಿಲ್ಲ. ಅದು ನನಗೆ ತುಂಬಾ..."

ಅಲ್ಲಿಗೆ ನಿಂತಳು. ನನಗೆ ಆ ಪದ ನಾಲಗೆಯ ತುದಿಯಲ್ಲಿತ್ತು, ಹಲ್ಲು ಕಚ್ಚಿ ತಡೆದುಕೊಂಡೆ. ಅವಳಿಗೆ ನಿಜವಾಗಿ ಸಿಗಲಿಲ್ಲವೋ, ಬೇಕೆಂದೇ ಬಿಟ್ಟಳೋ ಹೇಳಲಾರೆ. ಮಾಂಯ್‌ಯ ಬೆಳ್ಳುಳ್ಳಿ ಸುಲಿಯುವ ಕೈ ನಿಂತಿತು. ಅವರು ಮುಂದೆ ಬಗ್ಗಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಕಷ್ಟ" ಎಂದರು. "ತುಂಬಾ ಕಷ್ಟ ಆಗ್ತದೆ ಅಲ್ಲವಾ ಬಾಯೆ?"

"ಹಾಂ" ಎಂದಳು ಹುಡುಗಿ. "ಅದೇ."

ಮಾಂಯ್ ನನ್ನ ಕಡೆ ತಿರುಗಿದರು. "ಇದು ಅವಳೇ. ನಿನಗೆ ಮೊದಲೇ ಹೇಳ್ಲಿಕ್ಕೆ ಆಗ್ಲಿಲ್ಲವಾ?" ಎಂದು ಗದರಿಸಿ, ಫೋನ್ ಎತ್ತಿಕೊಂಡು ಹಿತ್ತಿಲ ಜಗಲಿಗೆ ಹೋದರು.